ಗದ್ದೆಯ ಬಾಗಿಲು ಮುಚ್ಚುವ ಚಂದ್ರ: ಮಕ್ಕಳಿಗಾಗಿ ಗುರುತ್ವಾಕರ್ಷಣೆಯ ಕತೆ

ಗೋವಾದ ಹೊಳೆ ದಂಡೆಗಳಲ್ಲಿ ಖಾಜನ್ ಗದ್ದೆಗಳಿವೆ. ಇವು ಸಮುದ್ರ ಮಟ್ಟಕ್ಕಿಂತ ತಗ್ಗಾದ, ಒಡ್ಡು ಕಟ್ಟಿ ಉಪ್ಪುನೀರನ್ನು ಹೊರಗೆ ತಡೆದು ಉಳುವ ಗದ್ದೆಗಳು. ಗಡಿ ದಾಟಿ ಕಾರವಾರ, ಅಂಕೋಲಾ, ಕುಮಟಾ ಕಡೆಗೆ ಬಂದರೆ ಇಂಥ ನೆಲವನ್ನೇ ಗಜನಿ ಎನ್ನುತ್ತಾರೆ. ಒಡ್ಡಿನ ನಡುವೆ ಅಲ್ಲಲ್ಲಿ ಮರದ ಹಲಗೆಯ ಬಾಗಿಲುಗಳಿರುತ್ತವೆ. ಗೋವಾದಲ್ಲಿ ಇದಕ್ಕೆ ಮಾನಸ್ ಎಂದು ಹೆಸರು. ಕುಮಟಾ ಕಡೆ ಜಂತ್ರಡಿ ಎನ್ನುವುದುಂಟು.

ಈ ಬಾಗಿಲಿನ ಹತ್ತಿರ ಅರ್ಧ ದಿನ ಕುಳಿತು ನೋಡಿದರೆ ಒಂದು ಸೋಜಿಗ ಕಾಣುತ್ತದೆ. ಭರತ ಏರುವಾಗ ಹೊರಗಿನ ಉಪ್ಪುನೀರು ಹಲಗೆಯನ್ನು ಒತ್ತಿ ಬಾಗಿಲನ್ನು ಮುಚ್ಚುತ್ತದೆ. ಇಳಿತದ ಹೊತ್ತಿಗೆ ಒಳಗಿನ ಮಳೆನೀರು ಹಲಗೆಯನ್ನು ಹೊರಕ್ಕೆ ತಳ್ಳಿ ಬಾಗಿಲನ್ನು ತೆರೆಯುತ್ತದೆ. ಮೋಟಾರು ಇಲ್ಲ, ಕರೆಂಟು ಇಲ್ಲ. ಗೋವಾದಲ್ಲಿ ಸುಮಾರು 18,000 ಹೆಕ್ಟೇರ್ ಖಾಜನ್ ಭೂಮಿ ಇದೆಯೆಂದು ಅಂದಾಜು. ಅದರ ಬೇಸಾಯವೆಲ್ಲ ನಿಂತಿರುವುದು ಈ ಹಲಗೆಗಳ ಮೇಲೆ.

ಹಾಗಾದರೆ ಈ ಬಾಗಿಲನ್ನು ತೆರೆದು ಮುಚ್ಚುವವರು ಯಾರು? ನೀರು ಎಂಬುದು ಅರ್ಧ ಉತ್ತರ. ನೀರನ್ನು ಏರಿಸಿ ಇಳಿಸುವವರು ಯಾರು ಎಂದು ಕೇಳಿದರೆ ಉಳಿದ ಅರ್ಧ ಸಿಗುತ್ತದೆ. ಅದು ಸುಮಾರು 3,84,000 ಕಿ.ಮೀ. ದೂರದಲ್ಲಿರುವ ಚಂದ್ರ. ಅಷ್ಟು ದೂರದಿಂದ ಚಂದ್ರ ಚಾಚುವ ಕೈಗೆ ಗುರುತ್ವಾಕರ್ಷಣೆ ಎಂದು ಹೆಸರು. ಗಡಿಯ ಮಕ್ಕಳಿಗೆ ಈ ಪದ ಹೊಸದಲ್ಲ. ಮರಾಠಿ ಶಾಲೆಯಲ್ಲೂ ಹೆಚ್ಚುಕಡಿಮೆ ಇದೇ ಹೆಸರು.

ಎಲ್ಲವೂ ಎಲ್ಲವನ್ನೂ ಸೆಳೆಯುತ್ತದೆ

ತೆಂಗಿನ ಮರದಿಂದ ಕಾಯಿ ಬಿದ್ದರೆ ನೆಲಕ್ಕೇ ಬರುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಭೂಮಿ ಅದನ್ನು ತನ್ನ ನಡುವಿನ ಕಡೆಗೆ ಸೆಳೆಯುತ್ತಿದೆ. ವಸ್ತುಗಳನ್ನು ಸೆಳೆಯುವ ಶಕ್ತಿ ಭೂಮಿಗೆ ಇದೆ ಎಂಬ ಮಾತು ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಸಿದ್ಧಾಂತ ಶಿರೋಮಣಿಯಲ್ಲೂ ಇದೆ. 1687ರಲ್ಲಿ ಇಂಗ್ಲೆಂಡಿನ ಐಸಾಕ್ ನ್ಯೂಟನ್ ಇದಕ್ಕೆ ಲೆಕ್ಕ ಕೊಟ್ಟರು. ನೆಲಕ್ಕೆ ಕಾಯಿ ಬೀಳಿಸುವ ಸೆಳೆತವೇ ಆಕಾಶದಲ್ಲಿ ಚಂದ್ರನನ್ನೂ ಹಿಡಿದಿದೆ ಎಂದು ತೋರಿಸಿದರು.

ನ್ಯೂಟನ್ ಹೇಳಿದ್ದು ಮೂರು ಮಾತು. ಒಂದು, ತೂಕವಿರುವ ಪ್ರತಿಯೊಂದು ವಸ್ತುವೂ ಮತ್ತೊಂದನ್ನು ತನ್ನೆಡೆಗೆ ಸೆಳೆಯುತ್ತದೆ. ಎರಡು, ವಸ್ತುವಿನಲ್ಲಿ ದ್ರವ್ಯ ಹೆಚ್ಚಿದ್ದಷ್ಟೂ ಸೆಳೆತ ಹೆಚ್ಚು. ಮೂರು, ದೂರ ಹೆಚ್ಚಿದಂತೆ ಸೆಳೆತ ಬೇಗ ಕಡಿಮೆಯಾಗುತ್ತದೆ. ದೂರ 2 ಪಟ್ಟಾದರೆ ಸೆಳೆತ 4ನೇ 1 ಭಾಗಕ್ಕೆ ಇಳಿಯುತ್ತದೆ. 3 ಪಟ್ಟಾದರೆ 9ನೇ 1 ಭಾಗ.

ಹಾಗಿದ್ದರೆ ಬೆಂಚಿನಲ್ಲಿ ಪಕ್ಕ ಕುಳಿತ ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಳ್ಳಬೇಕಲ್ಲವೇ? ಅವರೂ ಪರಸ್ಪರ ಸೆಳೆಯುತ್ತಾರೆ. ಆದರೆ ಆ ಸೆಳೆತ ಎಷ್ಟು ಸಣ್ಣದೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಭೂಮಿಯಂಥ ದೊಡ್ಡ ಗುಂಡು ಸೆಳೆದಾಗ ಮಾತ್ರ ಅದು ಮೈಗೆ ತಿಳಿಯುತ್ತದೆ. ಅದನ್ನೇ ನಾವು ತೂಕ ಎನ್ನುತ್ತೇವೆ. ಇಲ್ಲಿ ತಕ್ಕಡಿಯಲ್ಲಿ 30 ಕಿಲೋ ತೂಗುವ ಹುಡುಗಿ ಚಂದ್ರನ ಮೇಲೆ ಅದೇ ತಕ್ಕಡಿ ಹತ್ತಿದರೆ ಮುಳ್ಳು 5 ಕಿಲೋ ತೋರಿಸುತ್ತದೆ. ಹುಡುಗಿ ಬಡಕಲಾಗಿಲ್ಲ, ಚಂದ್ರನ ಸೆಳೆತ ಕಡಿಮೆ ಅಷ್ಟೆ.

ತೆಂಗಿನಕಾಯಿ ಮೊದಲೋ, ಅಡಿಕೆ ಮೊದಲೋ?

ಇದು ಮನೆಯಲ್ಲೇ ಮಾಡಿ ನೋಡಬಹುದಾದ ಪರೀಕ್ಷೆ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಅಡಿಕೆ ಹಿಡಿದು ಒಂದೇ ಎತ್ತರದಿಂದ ಒಟ್ಟಿಗೆ ಬಿಡಿ. ಕಾಲು ಮಾತ್ರ ದೂರ ಇರಲಿ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ.

ಕಾಯಿ ಭಾರ, ಆದ್ದರಿಂದ ಭೂಮಿ ಅದನ್ನು ಹೆಚ್ಚು ಸೆಳೆಯುತ್ತದೆ, ನಿಜ. ಆದರೆ ಭಾರದ ವಸ್ತುವನ್ನು ಕದಲಿಸಲು ಹೆಚ್ಚು ಬಲವೂ ಬೇಕು. ಎರಡೂ ಸರಿಹೋಗಿ ಎಲ್ಲವೂ ಒಂದೇ ವೇಗದಲ್ಲಿ ಬೀಳುತ್ತವೆ. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 9.8 ಮೀಟರಿನಷ್ಟು ಏರುತ್ತ ಹೋಗುತ್ತದೆ. ಹಕ್ಕಿಯ ಗರಿ ನಿಧಾನ ಬೀಳುವುದು ಗಾಳಿ ತಡೆಯುವುದರಿಂದ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಬಿಟ್ಟರು. ಎರಡೂ ಒಟ್ಟಿಗೇ ಬಿದ್ದವು.

ಗಡಿಯಲ್ಲೇ ಇರುವ ದೂಧಸಾಗರ ಜಲಪಾತ ಸುಮಾರು 310 ಮೀಟರ್ ಎತ್ತರ. ಗಾಳಿಯ ತಡೆಯೂ ಬಂಡೆಯ ತಡೆಯೂ ಇಲ್ಲದಿದ್ದರೆ ಅಷ್ಟು ಎತ್ತರದಿಂದ ಬಿಟ್ಟ ಕಲ್ಲು ಸುಮಾರು 8 ಸೆಕೆಂಡಿನಲ್ಲಿ ಕೆಳಗಿರುತ್ತದೆ. ಆಗ ಅದರ ವೇಗ ಗಂಟೆಗೆ 280 ಕಿ.ಮೀ. ಆದರೆ ನೀರು ಬಂಡೆಗೆ ಬಡಿದು ಹನಿಹನಿಯಾಗಿ ಒಡೆಯುತ್ತದೆ, ಹನಿಗಳನ್ನು ಗಾಳಿ ತಡೆಯುತ್ತದೆ. ಹಾಲಿನಂಥ ಆ ಬಿಳಿ ಬಣ್ಣ ಬರುವುದೂ ಹೀಗೆಯೇ. ಅದೇ ಘಾಟಿಯಲ್ಲಿ ಕುಳೆಯಿಂದ ಕ್ಯಾಸಲ್‌ರಾಕ್‌ಗೆ ಹತ್ತುವ ರೈಲು 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುತ್ತದೆ. ಅಷ್ಟಕ್ಕೇ ಹೆಚ್ಚುವರಿ ಎಂಜಿನ್ ಜೋಡಿಸಬೇಕಾಗುತ್ತದೆ. ನೀರು ಬಿಟ್ಟಿಯಾಗಿ ಇಳಿಯುವ ದಾರಿಯಲ್ಲಿ ರೈಲು ಏರಬೇಕಾದರೆ ಗುರುತ್ವಕ್ಕೆ ಕಪ್ಪ ಕಟ್ಟಲೇಬೇಕು.

ಚಂದ್ರ ಯಾಕೆ ಬೀಳುವುದಿಲ್ಲ?

ಭೂಮಿ ಸೆಳೆಯುವುದೇ ನಿಜವಾದರೆ ಚಂದ್ರ ನಮ್ಮ ಮೇಲೆ ಬೀಳಬೇಕಿತ್ತು. ಉತ್ತರ ಕೇಳಿದರೆ ಆಶ್ಚರ್ಯವಾಗಬಹುದು. ಚಂದ್ರ ಬೀಳುತ್ತಲೇ ಇದೆ!

ಬೆಟ್ಟದ ತುದಿಯಿಂದ ಕಲ್ಲು ಎಸೆದರೆ ಅದು ಮುಂದೆ ಹೋಗುತ್ತ ಹೋಗುತ್ತ ಕೆಳಗೂ ಬೀಳುತ್ತದೆ. ಜೋರಾಗಿ ಎಸೆದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಈಗ ಭೂಮಿ ದುಂಡಗಿದೆ ಎಂಬುದನ್ನು ನೆನಪಿಡಿ. ಪ್ರತಿ 8 ಕಿ.ಮೀ.ಗೆ ಅದರ ಮೈ ಸುಮಾರು 5 ಮೀಟರ್ ಕೆಳಕ್ಕೆ ಬಾಗುತ್ತದೆ. ಬೀಳುವ ಕಲ್ಲು ಮೊದಲ ಸೆಕೆಂಡಿನಲ್ಲಿ ಇಳಿಯುವುದೂ ಸುಮಾರು 5 ಮೀಟರ್. ಹಾಗಾಗಿ ಗಾಳಿಯ ತಡೆ ಇಲ್ಲದ ಎತ್ತರದಲ್ಲಿ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಎಸೆದರೆ, ಕಲ್ಲು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ಬಾಗಿಕೊಳ್ಳುತ್ತದೆ. ಕಲ್ಲು ಬೀಳುತ್ತಲೇ ಇರುತ್ತದೆ, ನೆಲ ಮಾತ್ರ ಸಿಗುವುದಿಲ್ಲ. ಉಪಗ್ರಹ ಎಂದರೆ ಇದೇ.

2025ರ ಜೂನ್‌ನಲ್ಲಿ ಭಾರತದ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದರು. ಅಲ್ಲಿ ಅವರು ತೇಲಾಡುತ್ತಿದ್ದುದನ್ನು ಮಕ್ಕಳು ಟೀವಿಯಲ್ಲಿ ನೋಡಿರಬಹುದು. ಅಲ್ಲಿ ಗುರುತ್ವವೇ ಇಲ್ಲ ಎಂದು ಹಲವರು ತಿಳಿಯುತ್ತಾರೆ. ಅದು ತಪ್ಪು. ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲಿನ ನೂರಕ್ಕೆ 90 ಪಾಲಿನಷ್ಟು ಇರುತ್ತದೆ. ನಿಲ್ದಾಣ, ಅದರೊಳಗಿನ ಮನುಷ್ಯರು, ಅವರ ಚಮಚ, ಎಲ್ಲವೂ ಒಟ್ಟಿಗೆ ಬೀಳುತ್ತಿರುವುದರಿಂದ ತೇಲಿದಂತೆ ಕಾಣುತ್ತದೆ.

ಚಂದ್ರ ಇರುವುದು ಭೂಮಿಯ ನಡುವಿನಿಂದ ನಮಗಿಂತ 60 ಪಟ್ಟು ದೂರದಲ್ಲಿ. ನ್ಯೂಟನ್ ಲೆಕ್ಕದಂತೆ ಅಲ್ಲಿ ಸೆಳೆತ 60×60, ಅಂದರೆ 3,600ನೇ 1 ಭಾಗ ಆಗಬೇಕು. ಆದ್ದರಿಂದ ಚಂದ್ರ ಒಂದು ಸೆಕೆಂಡಿಗೆ ಸುಮಾರು 1 ಕಿ.ಮೀ. ಮುಂದೆ ಸಾಗುವಾಗ ಭೂಮಿಯ ಕಡೆಗೆ ಬೀಳುವುದು ಕೇವಲ 1.4 ಮಿಲಿಮೀಟರ್. ಒಂದು ಅಕ್ಕಿ ಕಾಳಿನ ದಪ್ಪಕ್ಕಿಂತಲೂ ಕಡಿಮೆ. ಆ ಒಂದಿಷ್ಟು ಬೀಳುವಿಕೆ ಇಲ್ಲದಿದ್ದರೆ ಚಂದ್ರ ನೆಟ್ಟಗೆ ಹೋಗಿ ಎಂದೋ ಕಣ್ಮರೆಯಾಗುತ್ತಿತ್ತು.

ದಿನಕ್ಕೆ ಎರಡು ಭರತ ಏಕೆ?

ಭೂಮಿ ಚಂದ್ರನನ್ನು ಸೆಳೆದರೆ ಚಂದ್ರನೂ ಭೂಮಿಯನ್ನು ಸೆಳೆಯುತ್ತದೆ. ಚಂದ್ರನ ಕಡೆಗಿರುವ ಸಮುದ್ರ ಉಬ್ಬುತ್ತದೆ ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಭರತ ದಿನಕ್ಕೆ ಎರಡು ಸಲ ಬರುತ್ತದೆ. ಚಂದ್ರ ನಮ್ಮ ಕಾಲ ಕೆಳಗೆ, ಭೂಮಿಯ ಆ ಬದಿಯಲ್ಲಿದ್ದಾಗಲೂ ಇಲ್ಲಿ ನೀರು ಏರುತ್ತದೆ. ಏಕೆ?

ಮೂವರು ಮಕ್ಕಳು ಒಬ್ಬರ ಹಿಂದೆ ಒಬ್ಬರು ಓಡುತ್ತಿದ್ದಾರೆ ಎಂದುಕೊಳ್ಳಿ. ಮುಂದಿನವನು ಎಲ್ಲರಿಗಿಂತ ಜೋರು, ನಡುವಿನವನು ಸಾಧಾರಣ, ಹಿಂದಿನವನು ನಿಧಾನ. ಸ್ವಲ್ಪ ಹೊತ್ತಿಗೆ ನಡುವಿನವನಿಗೆ ಮುಂದೆಯೂ ಅಂತರ ಬೀಳುತ್ತದೆ, ಹಿಂದೆಯೂ ಬೀಳುತ್ತದೆ. ಚಂದ್ರನಿಗೆ ಹತ್ತಿರದ ಸಮುದ್ರವೇ ಮುಂದಿನ ಹುಡುಗ, ಭೂಮಿಯ ಗಟ್ಟಿ ಒಡಲು ನಡುವಿನವನು, ಆ ಬದಿಯ ಸಮುದ್ರ ಹಿಂದಿನವನು. ಹತ್ತಿರದ್ದಕ್ಕೆ ಸೆಳೆತ ಹೆಚ್ಚು, ದೂರದ್ದಕ್ಕೆ ಕಡಿಮೆ. ಹಾಗಾಗಿ ಎರಡೂ ಬದಿಯಲ್ಲಿ ಉಬ್ಬು. ಭೂಮಿ ತನ್ನ ಸುತ್ತ ತಿರುಗುವಾಗ ನಮ್ಮ ಕರಾವಳಿ ಎರಡೂ ಉಬ್ಬುಗಳನ್ನು ಹಾದುಹೋಗುತ್ತದೆ. ಅಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಸಾಗಿರುವುದರಿಂದ ಒಂದು ಭರತದಿಂದ ಮುಂದಿನದಕ್ಕೆ 12 ಗಂಟೆ 25 ನಿಮಿಷ. ಬಲೆ ಹಾಕುವವರಿಗೆ ಗೊತ್ತಿರುವಂತೆ ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದು ಇದರಿಂದಲೇ.

ಇಲ್ಲಿ ಜಾಣ ಮಕ್ಕಳು ಒಂದು ಪ್ರಶ್ನೆ ಕೇಳುತ್ತಾರೆ. ಸೂರ್ಯ ಚಂದ್ರನಿಗಿಂತ ಎಷ್ಟೋ ದೊಡ್ಡದು. ಭೂಮಿಯನ್ನು ಅದು ಚಂದ್ರನಿಗಿಂತ ಸುಮಾರು 180 ಪಟ್ಟು ಜೋರಾಗಿ ಸೆಳೆಯುತ್ತದೆ. ಹಾಗಾದರೆ ಭರತ ಸೂರ್ಯನದೇ ಆಗಬೇಕಲ್ಲವೇ? ಆದರೆ ಭರತಕ್ಕೆ ಕಾರಣ ಬರೀ ಸೆಳೆತವಲ್ಲ, ಈ ಬದಿಗೂ ಆ ಬದಿಗೂ ಇರುವ ಸೆಳೆತದ ವ್ಯತ್ಯಾಸ. ಚಂದ್ರ ಹತ್ತಿರವಿದೆ, ಆದ್ದರಿಂದ ವ್ಯತ್ಯಾಸ ನೂರಕ್ಕೆ ಸುಮಾರು 7 ಪಾಲು. ಸೂರ್ಯ 15 ಕೋಟಿ ಕಿ.ಮೀ. ದೂರ, ಅಲ್ಲಿಂದ ನೋಡಿದರೆ ಭೂಮಿಯ ಎರಡು ಬದಿಗೂ ಹೆಚ್ಚಿನ ಭೇದವಿಲ್ಲ. ವ್ಯತ್ಯಾಸ ಹತ್ತು ಸಾವಿರಕ್ಕೆ 2 ಪಾಲೂ ಇಲ್ಲ. ಹೀಗಾಗಿ ಭರತದಲ್ಲಿ ಸೂರ್ಯನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ.

ಆದರೂ ಆ ಪಾಲು ಸಣ್ಣದಲ್ಲ. ಹುಣ್ಣಿಮೆ ಮತ್ತು ಅಮಾವಾಸ್ಯೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುತ್ತವೆ. ಇಬ್ಬರ ಸೆಳೆತ ಕೂಡಿಕೊಂಡು ದೊಡ್ಡ ಭರತ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಒಬ್ಬರು ಒಂದು ಕಡೆಗೆ, ಇನ್ನೊಬ್ಬರು ಅಡ್ಡಕ್ಕೆ ಎಳೆಯುವುದರಿಂದ ನೀರು ಹೆಚ್ಚು ಏರುವುದೂ ಇಲ್ಲ, ಹೆಚ್ಚು ಇಳಿಯುವುದೂ ಇಲ್ಲ.

ನೀರು ಎಷ್ಟು ಏರುತ್ತದೆ ಎಂಬುದರಲ್ಲಿ ದಂಡೆಯ ಆಕಾರ, ಸಮುದ್ರದ ಆಳ ಕೂಡ ಸೇರಿಕೊಳ್ಳುತ್ತವೆ. ದೊಡ್ಡ ಭರತದ ದಿನಗಳಲ್ಲಿ ಗೋವಾ ದಂಡೆಯಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಲಾಳಿಕೆಯಂತೆ ಕಿರಿದಾಗುವ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು 10 ಮೀಟರ್ ದಾಟುತ್ತದೆ. ಗೋವಾದಲ್ಲಿ ದಿನದ ಎರಡು ಭರತಗಳೂ ಸಮ ಇರುವುದಿಲ್ಲ, ಒಂದು ದೊಡ್ಡದು, ಒಂದು ಸಣ್ಣದು. ಮಾಂಡವಿ ಹೊಳೆಯಲ್ಲಿ ಭರತದ ಪ್ರಭಾವ ಸಮುದ್ರದಿಂದ ಸುಮಾರು 50 ಕಿ.ಮೀ. ಒಳನಾಡಿನ ತನಕ ಕಾಣುತ್ತದೆ. ಸಮುದ್ರವನ್ನೇ ಕಾಣದ ಊರಿನ ಹೊಳೆಯೂ ಚಂದ್ರನ ಮಾತು ಕೇಳುತ್ತದೆ ಎಂದಾಯಿತು.

ಸಮುದ್ರದಲ್ಲಿ ಒಂದು ತಗ್ಗು

ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ಹೆಚ್ಚುಕಡಿಮೆ ಅದು ಸರಿ. ಆದರೆ ಭೂಮಿಯ ಒಳಗೆ ಒಂದು ಕಡೆ ಭಾರದ ಕಲ್ಲು, ಒಂದು ಕಡೆ ಹಗುರ ಕಲ್ಲು ಇರುವುದರಿಂದ ಸೆಳೆತವೂ ಅಲ್ಲಲ್ಲಿ ಕೊಂಚ ಹೆಚ್ಚುಕಡಿಮೆ ಆಗುತ್ತದೆ. ಇದರ ಅತಿ ದೊಡ್ಡ ಉದಾಹರಣೆ ನಮ್ಮ ಹಿಂದೂ ಮಹಾಸಾಗರದಲ್ಲೇ ಇದೆ. ಶ್ರೀಲಂಕಾದ ದಕ್ಷಿಣಕ್ಕೆ ಸೆಳೆತ ದುರ್ಬಲವಾಗಿದ್ದು, ಅಲ್ಲಿನ ನೀರು ಸೆಳೆತ ಹೆಚ್ಚಿರುವ ಕಡೆಗೆ ಸರಿದುಕೊಂಡಿದೆ. ಇದರಿಂದ ಅಲ್ಲಿ ಸಮುದ್ರದ ಮೈ ಲೆಕ್ಕದ ಮಟ್ಟಕ್ಕಿಂತ ಸುಮಾರು 106 ಮೀಟರ್ ತಗ್ಗು. ತಗ್ಗು ಸಾವಿರಾರು ಕಿ.ಮೀ. ಹರಡಿರುವುದರಿಂದ ಹಡಗಿನಲ್ಲಿ ಹೋಗುವವರಿಗೆ ಇಳಿದದ್ದೂ ಗೊತ್ತಾಗುವುದಿಲ್ಲ, ಹತ್ತಿದ್ದೂ ಗೊತ್ತಾಗುವುದಿಲ್ಲ.

ಇದನ್ನು 1948ರಲ್ಲಿ ಗುರುತಿಸಿದವರು ಡಚ್ ವಿಜ್ಞಾನಿ ವೆನಿಂಗ್ ಮೈನೆಸ್. ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2018ರಲ್ಲಿ ಇದರ ಗುಟ್ಟು ತಿಳಿಯಲು ಸಮುದ್ರದ ತಳದಲ್ಲಿ ಕಂಪನ ಅಳೆಯುವ ಉಪಕರಣಗಳನ್ನು ಇಳಿಸಿದ್ದರು. 2023ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ ಕಂಪ್ಯೂಟರ್ ಲೆಕ್ಕದ ಮೂಲಕ ಒಂದು ಕಾರಣ ಮುಂದಿಟ್ಟರು. ಆಫ್ರಿಕಾದ ಅಡಿಯ ಆಳದಿಂದ ಎದ್ದ ಬಿಸಿಯಾದ, ಹಗುರ ದ್ರವ್ಯ ಈ ಭಾಗದ ಕೆಳಗೆ ಹರಡಿದ್ದೇ ಸೆಳೆತ ಕಡಿಮೆಯಾಗಲು ಕಾರಣ ಎಂಬುದು ಅವರ ವಿವರಣೆ.

ಗುಂಡಗಿನ ಲೋಕ ಕಟ್ಟಿದ ಕೈ

ಸೂರ್ಯ, ಭೂಮಿ, ಚಂದ್ರ ಎಲ್ಲವೂ ಏಕೆ ಗುಂಡಗಿವೆ? ಇದೂ ಗುರುತ್ವದ ಕೆಲಸವೇ. ದೊಡ್ಡ ವಸ್ತು ತನ್ನ ಎಲ್ಲ ಭಾಗವನ್ನೂ ನಡುವಿನ ಕಡೆಗೆ ಸೆಳೆದುಕೊಳ್ಳುತ್ತದೆ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದ ಉಂಡೆ ದುಂಡಗೇ ಆಗಬೇಕು. ಸಣ್ಣ ಕ್ಷುದ್ರಗ್ರಹಗಳಲ್ಲಿ ಅಷ್ಟು ಸೆಳೆತವಿಲ್ಲ, ಆದ್ದರಿಂದ ಅವು ಬಟಾಟೆಯಂತೆ ಸೊಟ್ಟಪಟ್ಟ ಇರುತ್ತವೆ.

ಸುಮಾರು 1,380 ಕೋಟಿ ವರ್ಷಗಳ ಹಿಂದೆ ವಿಶ್ವ ಶುರುವಾದಾಗ ನಕ್ಷತ್ರವೂ ಇರಲಿಲ್ಲ, ಗ್ರಹವೂ ಇರಲಿಲ್ಲ. ಮುಂದೆ ಎಲ್ಲೆಡೆ ತೆಳುವಾಗಿ ಹರಡಿದ ಅನಿಲವಿತ್ತು. ಅದು ಒಂದು ಕಡೆ ಕೊಂಚ ದಟ್ಟ, ಒಂದು ಕಡೆ ಕೊಂಚ ವಿರಳ. ದಟ್ಟವಾದ ಕಡೆ ಸೆಳೆತ ಹೆಚ್ಚು, ಅಲ್ಲಿಗೆ ಇನ್ನಷ್ಟು ಅನಿಲ ಬಂತು. ಬಂದಷ್ಟೂ ಸೆಳೆತ ಏರಿತು. ಹೀಗೆ ಕೂಡಿದ ಅನಿಲ ಒತ್ತಡದಲ್ಲಿ ಕಾದು ಉರಿಯತೊಡಗಿದಾಗ ನಕ್ಷತ್ರ ಹುಟ್ಟಿತು. ನಮ್ಮ ಸೂರ್ಯ ಹುಟ್ಟಿದ್ದು ಸುಮಾರು 460 ಕೋಟಿ ವರ್ಷಗಳ ಹಿಂದೆ. ಸೂರ್ಯನ ಸುತ್ತ ಉಳಿದ ದೂಳು, ಕಲ್ಲು ಒಂದಕ್ಕೊಂದು ಕೂಡಿ ಭೂಮಿಯೂ ಆಯಿತು. ಮೋಡವಿಲ್ಲದ ರಾತ್ರಿ ಆಕಾಶದಲ್ಲಿ ಪಟ್ಟಿಯಂತೆ ಕಾಣುವ ಆಕಾಶಗಂಗೆ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳ ಗುಂಪು. ಆ ಗುಂಪು ಚದುರದಂತೆ ಹಿಡಿದಿರುವುದೂ ಇದೇ ಸೆಳೆತ.

ಗೋವಾದಲ್ಲಿ ಸೇರಿದ್ದ ಗುರುತ್ವ ಪಂಡಿತರು

1915ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಈ ಕತೆಗೆ ಹೊಸ ತಿರುವು ಕೊಟ್ಟರು. ಭಾರದ ವಸ್ತು ತನ್ನ ಸುತ್ತಲಿನ ಜಾಗವನ್ನೂ ಕಾಲವನ್ನೂ ಬಾಗಿಸುತ್ತದೆ, ಆ ಬಾಗಿನ ದಾರಿಯಲ್ಲಿ ಉಳಿದವು ಸಾಗುತ್ತವೆ, ಅದನ್ನೇ ನಾವು ಸೆಳೆತ ಎನ್ನುತ್ತೇವೆ ಎಂದರು. ಬಾಗು ಅತಿಯಾದರೆ ಬೆಳಕೂ ಹೊರಗೆ ಬರಲಾರದು. ಅದೇ ಕಪ್ಪುಕುಳಿ.

1987ರ ಡಿಸೆಂಬರ್‌ನಲ್ಲಿ ಇಂಥ ವಿಷಯಗಳ ಅಂತರರಾಷ್ಟ್ರೀಯ ಸಮ್ಮೇಳನ ಗೋವಾದಲ್ಲಿ ನಡೆಯಿತು. ಅಲ್ಲಿನ ಪ್ರಬಂಧಗಳ ಪುಸ್ತಕದ ಸಂಪಾದಕರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರ್ಳೀಕರ್ ಇದ್ದರು, ಬೆಂಗಳೂರಿನ ಕನ್ನಡಿಗ ಸಿ.ವಿ. ವಿಶ್ವೇಶ್ವರ ಇದ್ದರು. ವಿಶ್ವೇಶ್ವರ ಅವರು 1970ರಲ್ಲೇ ಒಂದು ಮಾತು ಹೇಳಿದ್ದರು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ದೇವಸ್ಥಾನದ ಗಂಟೆಯಂತೆ ಮಿಡಿದು, ಕ್ರಮೇಣ ಶಾಂತವಾಗುತ್ತದೆ. ಗಂಟೆಯ ನಾದದಿಂದ ಗಂಟೆ ಎಷ್ಟು ದೊಡ್ಡದೆಂದು ಊಹಿಸುವಂತೆ, ಆ ಮಿಡಿತದಿಂದ ಕಪ್ಪುಕುಳಿಯ ಗಾತ್ರ ಹೇಳಬಹುದು.

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ಉಪಕರಣಗಳು ಗುರುತ್ವದ ಅಲೆಯನ್ನು ಮೊದಲ ಸಲ ಹಿಡಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾಗಿದ್ದವು. ಆ ಅಲೆಯ ಕೊನೆಯ ಭಾಗದಲ್ಲಿ ವಿಶ್ವೇಶ್ವರ ಹೇಳಿದ್ದಂಥ ಮಿಡಿತವೇ ಇತ್ತು. 2016ರ ಫೆಬ್ರವರಿಯಲ್ಲಿ ಈ ಸುದ್ದಿ ಹೊರಬಂದಾಗ ಅದನ್ನು ಕೇಳಲು ಅವರು ಬದುಕಿದ್ದರು. 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಮೊದಲ ನಿರ್ದೇಶಕರೂ ಅವರೇ. ಲೈಗೋದಂಥದ್ದೇ ಒಂದು ಕೇಂದ್ರವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು ಕೇಂದ್ರ ಸರ್ಕಾರ 2023ರಲ್ಲಿ ಒಪ್ಪಿಗೆ ನೀಡಿದೆ. ಇಂದಿನ ಮಕ್ಕಳಲ್ಲಿ ಯಾರಾದರೂ ನಾಳೆ ಅಲ್ಲಿ ಕೆಲಸ ಮಾಡಬಹುದು.

ಮತ್ತೆ ಗದ್ದೆಯ ಬಾಗಿಲಿಗೆ

ಕಪ್ಪುಕುಳಿಯ ಲೆಕ್ಕ ದೊಡ್ಡವರಾದ ಮೇಲೆ ಕಲಿಯಬಹುದು. ಚಂದ್ರನ ಲೆಕ್ಕ ಮಾತ್ರ ಗಡಿಯ ಊರುಗಳ ಮಕ್ಕಳಿಗೆ ಇಂದೇ ಬೇಕು. ಇಳಿತದಲ್ಲಿ ಹೊಳೆಯ ದಿಬ್ಬಕ್ಕೆ ಚಿಪ್ಪಿಕಲ್ಲು ಆರಿಸಲು ಹೋದವರಿಗೆ ನೀರು ತಿರುಗುವ ಹೊತ್ತು ಗೊತ್ತಿರಬೇಕು. ನಿನ್ನೆ ಹೋದ ಹೊತ್ತಿಗೇ ಇಂದೂ ಹೋದರಾಯಿತು ಎನ್ನುವಂತಿಲ್ಲ, 50 ನಿಮಿಷದ ವ್ಯತ್ಯಾಸವಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಹೆಚ್ಚು ದೂರ ಇಳಿಯುತ್ತದೆ, ಬರುವಾಗ ಅಷ್ಟೇ ಜೋರಾಗಿ ಬರುತ್ತದೆ. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿ ವರ್ಷ ಭರತ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಊರಿನಲ್ಲಿ ಬಲೆ ಹಾಕುವ ಹಿರಿಯರಿಗೆ ಪಟ್ಟಿಯಿಲ್ಲದೆಯೂ ಗೊತ್ತು. ಅವರನ್ನು ಕೇಳಿಯೇ ನೀರಿಗಿಳಿಯುವುದು ಒಳ್ಳೆಯದು.

ಗದ್ದೆಯ ಬಾಗಿಲಿನ ವಿಷಯವೂ ಹಾಗೆಯೇ. ಆಷಾಢ, ಶ್ರಾವಣದ ಅಮಾವಾಸ್ಯೆಗೆ ಘಾಟಿಯ ಮೇಲೆ ಮಳೆ ಸುರಿದರೆ ಒಳಗೆ ಮಳೆನೀರು ತುಂಬುತ್ತದೆ, ಹೊರಗೆ ದೊಡ್ಡ ಭರತ ನಿಂತಿರುತ್ತದೆ. ನೀರು ಹೊರಗೆ ಹೋಗಲು ಸಿಗುವುದು ಇಳಿತದ ಕೆಲವೇ ಗಂಟೆ. ಹಲಗೆ ಕೊಳೆತಿದ್ದರೆ, ನಡುವೆ ಕಸಕಡ್ಡಿ ಸಿಕ್ಕಿ ಬಾಗಿಲು ಪೂರ್ತಿ ಮುಚ್ಚದಿದ್ದರೆ ಉಪ್ಪುನೀರು ಒಳಗೆ ನುಗ್ಗುತ್ತದೆ. ಮಳೆನೀರು ಆ ಉಪ್ಪನ್ನು ತೊಳೆದು ಹಾಕುವ ತನಕ ಗದ್ದೆ ಏಳುವುದಿಲ್ಲ. ಉಪ್ಪು ತಡೆಯುವ ಗೋವಾದ ಕೊರ್ಗುಟ್, ನಮ್ಮ ಕಗ್ಗ ಭತ್ತಕ್ಕೂ ತಾಳಿಕೆಗೆ ಒಂದು ಮಿತಿ ಇದೆ.

ಚಂದ್ರ ತನ್ನ ಕೆಲಸವನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಹಲಗೆ ಗಟ್ಟಿ ಇದೆಯೇ, ಕಸ ಸಿಕ್ಕಿಕೊಂಡಿದೆಯೇ ಎಂದು ಹುಣ್ಣಿಮೆ, ಅಮಾವಾಸ್ಯೆಯ ಮೊದಲು ನೋಡಿ ಬರುವ ಕೆಲಸ ಊರಿನವರದು. ಮುಂದಿನ ಸಲ ಅಜ್ಜನೋ ಅಪ್ಪನೋ ಒಡ್ಡಿನ ಕಡೆ ಹೊರಟಾಗ ಮಕ್ಕಳೂ ಜೊತೆಗೆ ಹೋಗಲಿ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದನ್ನು ಒಮ್ಮೆ ಕಣ್ಣಾರೆ ನೋಡಿದವರು ಗುರುತ್ವಾಕರ್ಷಣೆಯ ಪಾಠವನ್ನು ಮತ್ತೆ ಬಾಯಿಪಾಠ ಮಾಡಬೇಕಿಲ್ಲ.